ಕೊನೆ ಗೊತ್ತಿದ್ದರೂ ಕುಳಿತು ನೋಡುವಂತಹ ಥ್ರಿಲ್ಲರ್ ಯಾವುದು?

ವಿಜಯಪುರ, ಔಷಧಿ ಅಂಗಡಿಯವ

ನಾನು ಸಿನಿಮಾ ತಿಳಿದವನಲ್ಲ, ನೋಡುವವನು ಮಾತ್ರ. ವಿಜಯಪುರದಲ್ಲಿ ಒಂದು ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ರಾತ್ರಿ ಒಂಬತ್ತಕ್ಕೆ ಶಟರ್ ಎಳೆದ ಮೇಲೆ ಮೈಯಲ್ಲಿ ಕಸುವು ಉಳಿದಿದ್ದರೆ ಸೆಕೆಂಡ್ ಶೋಗೆ ಹೋಗುತ್ತೇನೆ. ಇಲ್ಲದಿದ್ದರೆ ಊಟದ ತಾಟು ಮುಂದಿಟ್ಟುಕೊಂಡು ಒಟಿಟಿಯಲ್ಲಿ ಏನಾದರೊಂದನ್ನು ಹಚ್ಚಿಕೊಂಡು ಕೂಡುತ್ತೇನೆ. ತಿಂಗಳಿಗೆ ಎರಡು, ಹೆಚ್ಚೆಂದರೆ ಮೂರು ಚಿತ್ರಗಳಾಗುತ್ತವೆ. ಅವುಗಳಲ್ಲಿ ಹೆಚ್ಚಿನವು ಥ್ರಿಲ್ಲರ್‌ಗಳು ಇಲ್ಲವೇ ಮನೆತನದ ಗಂಭೀರ ಕಥೆಗಳು. ಹೊಡೆದಾಟದ ಚಿತ್ರಗಳಿಗೆ ಮಗ ಹೋಗುತ್ತಾನೆ, ನಾನು ಹೋಗುವುದಿಲ್ಲ.

ಈ ಚರ್ಚೆಗೆ ಕಾರಣ ನಮ್ಮ ಅಂಗಡಿಯ ಹುಡುಗ. 2024ರ ಫೆಬ್ರವರಿಯಲ್ಲಿ ‘ಶಾಖಾಹಾರಿ’ ಬಿಡುಗಡೆಯಾದಾಗ ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುವಷ್ಟರಲ್ಲಿ ನನಗೆ ತಪ್ಪಿಹೋಯಿತು. ಮುಂದೆ ಅದು ಒಟಿಟಿಗೆ ಬಂದಾಗ ಹುಡುಗ ನನಗಿಂತ ಮೊದಲು ನೋಡಿದ. ಮರುದಿನ ಬೆಳಿಗ್ಗೆ ಔಷಧಿ ಡಬ್ಬಿಗಳನ್ನು ಕಪಾಟಿಗೆ ಜೋಡಿಸುತ್ತ, ಯಾರು ಸಾಯುತ್ತಾರೆ, ಹೇಗೆ ಸಾಯುತ್ತಾರೆ, ಮುಂದೇನಾಗುತ್ತದೆ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. “ಯಾಕಲೇ, ಎಲ್ಲಾ ನೀನಽ ಹೇಳಿದ್ರ ನಾ ಇನ್ನ ಏನ್ ನೋಡ್ಲಿ?” ಎಂದು ಬೈದೆ. ಅವನು ಡಬ್ಬಿಯ ಧೂಳು ಒರೆಸುತ್ತಲೇ, “ನೋಡ್ರಿ ಮಾಲಕ್ರ, ಗೊತ್ತಿದ್ರೂ ನೋಡ್ತೀರಿ” ಎಂದ.

ಅವನ ಮಾತೇ ನಿಜವಾಯಿತು. ಮಲೆನಾಡಿನ ಒಂದು ಸಣ್ಣ ಊರು, ಅಲ್ಲೊಂದು ಸಸ್ಯಾಹಾರಿ ಹೋಟೆಲು, ಅದನ್ನು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು. ಆ ಮನುಷ್ಯ ಒಲೆಯ ಮುಂದೆ ನಿಂತಾಗ ಅವರ ಕೈ ಅಡುಗೆಯಲ್ಲಿದ್ದರೂ ಲಕ್ಷ್ಯ ಬೇರೆಲ್ಲೋ ಇರುವುದು ಬೆನ್ನಿನಿಂದಲೇ ತಿಳಿಯುತ್ತದೆ. ಮುಂದಾಗುವುದು ನನಗೆ ಮೊದಲೇ ಗೊತ್ತಿದ್ದುದರಿಂದ, ಏನಾದೀತು ಎಂಬ ಕುತೂಹಲ ಹೋಗಿ, ಇವರು ಇದನ್ನು ಹೇಗೆ ಹೊತ್ತಾರು ಎಂಬ ಚಿಂತೆ ಹತ್ತಿತು. ಪೊಲೀಸ್ ಅಧಿಕಾರಿಯಾಗಿ ಗೋಪಾಲಕೃಷ್ಣ ದೇಶಪಾಂಡೆಯವರು ಆ ಹೋಟೆಲಿಗೆ ಬಂದು ಕುಳಿತಾಗಲೆಲ್ಲ ನನ್ನ ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

ಅಂದಿನಿಂದ ನನಗೊಂದು ಅನುಮಾನ ಕಾಡುತ್ತಿದೆ. ಕಳೆದ ಕೆಲವು ವರ್ಷಗಳಲ್ಲಿ ನಾನು ನೋಡಿದ ಥ್ರಿಲ್ಲರ್‌ಗಳಲ್ಲಿ ಬಹುಪಾಲು ಕೊನೆಯ ಹದಿನೈದು ನಿಮಿಷಕ್ಕಾಗಿಯೇ ಮಾಡಿದವು. ಎರಡು ತಾಸು ಮಳೆ, ಕತ್ತಲು, ಹಳದಿ ಬೆಳಕು, ಸಿಗರೇಟು ಸೇದುವ ಅಧಿಕಾರಿ. ಆಮೇಲೆ ಒಮ್ಮೆಲೇ ಮನೆಯ ಕೆಲಸದವನೋ ಆಪ್ತ ಗೆಳೆಯನೋ ಕೊಲೆಗಾರನೆಂದು ತಿಳಿಯುತ್ತದೆ, ಅವನ ಬಾಲ್ಯದ ಕಥೆಯನ್ನು ಐದು ನಿಮಿಷದಲ್ಲಿ ತೋರಿಸಿ ಮುಗಿಸುತ್ತಾರೆ. ಟಾಕೀಸಿನಿಂದ ಹೊರಬಂದು ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ಅಂತಹ ಚಿತ್ರ ಮರೆತುಹೋಗಿರುತ್ತದೆ.

ನಮ್ಮ ಭಾಗದವರಿಗೆ ಕೊನೆ ಗೊತ್ತಿದ್ದೂ ನೋಡುವುದು ಹೊಸದೇನಲ್ಲ. ಬೈಲಹೊಂಗಲ ಸೀಮೆಯ ‘ಸಂಗ್ಯಾ ಬಾಳ್ಯಾ’ ಸಣ್ಣಾಟವನ್ನು, ರಾತ್ರಿಯಿಡೀ ಹಾಡಿ ಆಡುವ ಆ ಜಾನಪದ ನಾಟಕವನ್ನು, ನೆನೆಸಿಕೊಳ್ಳಿರಿ. ಕಂಬಳಿ ಹಾಸಿಕೊಂಡು ಕುಳಿತ ಪ್ರತಿಯೊಬ್ಬನಿಗೂ ಸಂಗ್ಯಾ ಸಾಯುತ್ತಾನೆಂಬುದು ಗೊತ್ತು, ಜೀವದ ಗೆಳೆಯ ಬಾಳ್ಯಾನೇ ಅವನನ್ನು ವೈರಿ ಈರ್ಯಾನ ಕೈಗೆ ಒಪ್ಪಿಸುತ್ತಾನೆಂಬುದೂ ಗೊತ್ತು. ಆದರೂ ಬೆಳಗಿನವರೆಗೆ ಯಾರೂ ಏಳುತ್ತಿರಲಿಲ್ಲ. ಬಾಳ್ಯಾ ಬಂದು ಸಂಗ್ಯಾನನ್ನು ಕರೆಯುವಾಗ, “ಹೋಗಬ್ಯಾಡೋ ಸಂಗ್ಯಾ” ಎಂದು ಹೆಂಗಸರ ಸಾಲಿನಿಂದ ಯಾರೋ ಕೂಗಿದ್ದನ್ನು ಸಣ್ಣವನಿದ್ದಾಗ ನಾನೇ ಕೇಳಿದ್ದೇನೆ.

ಸಿನಿಮಾದಲ್ಲಿ ಇದಕ್ಕೆ ಹತ್ತಿರವಾದದ್ದು ‘ದೃಶ್ಯ’. 2013ರ ಮಲಯಾಳಂ ಚಿತ್ರದಿಂದ ಬಂದ, ರವಿಚಂದ್ರನ್ ಅವರ 2014ರ ಕನ್ನಡ ‘ದೃಶ್ಯ’ದಲ್ಲಿ ಯಾರು ಸತ್ತರು, ಯಾಕೆ ಸತ್ತರು ಎಂಬುದನ್ನು ಪ್ರೇಕ್ಷಕನ ಎದುರಿಗೇ ತೋರಿಸಿ, ಉಳಿದ ಚಿತ್ರವನ್ನು ಪೂರ್ತಿ ಮುಚ್ಚಿಡುವ ಕಷ್ಟದ ಮೇಲೆ ನಡೆಸುತ್ತಾರೆ. ನಾನು ಅದನ್ನು ಮೂರು ಸಲ ನೋಡಿದ್ದೇನೆ.

ನಿಮಗೆ ಹೀಗೆ ಎರಡನೆಯ ಸಲವೂ ನೋಡಿಸಿಕೊಂಡ ಚಿತ್ರ ಯಾವುದು, ಅದು ನೋಡಿಸಿಕೊಂಡದ್ದು ಏಕೆ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಇಳಕಲ್ಲಿನಿಂದ

ಮಾಲಕರೇ, ‘ದೃಶ್ಯ’ದ ಮಾತು ನಿಮ್ಮ ವಾದಕ್ಕೇ ತಿರುಗೇಟಾಗುತ್ತದೆ. ಎಲ್ಲವನ್ನೂ ಮೊದಲೇ ತೋರಿಸಿದರೆಂದು ಹೇಳುತ್ತೀರಿ. ಆದರೆ ಹೆಣ ಎಲ್ಲಿದೆ ಎಂಬುದನ್ನು ಮಾತ್ರ ಕೊನೆಯ ದೃಶ್ಯದವರೆಗೆ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದರಲ್ಲವೇ? ಆ ಒಂದು ಗಂಟು ಬಿಚ್ಚಿದಾಗ ನಮ್ಮ ಊರ ಟಾಕೀಸಿನಲ್ಲಿ ಬಿದ್ದ ಸೀಟಿಗಳು ಇನ್ನೂ ನನ್ನ ಕಿವಿಯಲ್ಲಿವೆ. ದಿನವಿಡೀ ಸೀರೆಯ ಲೆಕ್ಕ ಬರೆದು ಬಂದವನಿಗೆ ಕೊನೆಯಲ್ಲೊಂದು ಪೆಟ್ಟು ಬೇಕಾಗುತ್ತದೆ. ದಯವಿಟ್ಟು ಟ್ವಿಸ್ಟನ್ನು ನಮ್ಮಿಂದ ಕಿತ್ತುಕೊಳ್ಳಬೇಡಿರಿ.

ಬಾಗಲಕೋಟೆ ನವನಗರ, ಪ್ರೌಢಶಾಲಾ ಶಿಕ್ಷಕಿ

ಮೂಲ ಬರಹದ ಅರ್ಧಕ್ಕೆ ನನ್ನ ಸಮ್ಮತಿಯಿದೆ. ‘ಸಂಗ್ಯಾ ಬಾಳ್ಯಾ’ದ ಹೋಲಿಕೆಯನ್ನು ಮಾತ್ರ ಸ್ವಲ್ಪ ತಿದ್ದಬೇಕೆನಿಸುತ್ತದೆ. ಜನ ಬೆಳಗಿನವರೆಗೆ ಕುಳಿತದ್ದು ಹಾಡಿಗಾಗಿ, ಹಿಮ್ಮೇಳದವರ ಏರು ದನಿಗಾಗಿ. ಸಿನಿಮಾದಲ್ಲಿ ಆ ಕೆಲಸವನ್ನು ಮಾಡುವುದು ಬೇರೆಯೇ ಒಂದು ಸಂಗತಿ. ಅದು ನಟನ ಮುಖವಿರಬಹುದು, ಊರಿನ ಪರಿಸರವಿರಬಹುದು, ಕೆಲವೊಮ್ಮೆ ಬರಿಯ ಸದ್ದಿರಬಹುದು. 2021ರ ‘ಗರುಡ ಗಮನ ವೃಷಭ ವಾಹನ’ವನ್ನು ನಾನು ಎರಡನೆಯ ಸಲ ನೋಡಿದ್ದು ಕಥೆಗಾಗಿ ಅಲ್ಲವೇ ಅಲ್ಲ. ರಾಜ್ ಬಿ. ಶೆಟ್ಟಿಯವರ ಶಿವ ಮಳೆಯಲ್ಲಿ ಕುಣಿಯುವಾಗ ಹಿಂದೆ ‘ಸೋಜುಗಾದ ಸೂಜುಮಲ್ಲಿಗೆ’ ಕೇಳಿಬರುತ್ತದೆ; ಮಾದಪ್ಪನ ಭಕ್ತಿಯ ಆ ಪದ ಮತ್ತು ಎದುರಿಗಿರುವ ಆ ಕ್ರೌರ್ಯ ಒಂದಕ್ಕೊಂದು ಹೊಂದುವುದೇ ಇಲ್ಲ. ಆ ಹೊಂದದಿರುವಿಕೆಯೇ ನನ್ನನ್ನು ಮತ್ತೆ ಕರೆಯಿತು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ತಿರುವಿಗಾಗಿ ಚಿತ್ರ ಮಾಡುವವರು ಆ ತಿರುವಿನ ಭಾರವನ್ನು ಬಹಳ ಸಲ ಹೆಣ್ಣಿನ ಮೈಮೇಲೆ ಹೇರುತ್ತಾರೆ. ವಿಜಯ್ ಸೇತುಪತಿಯವರ 2024ರ ತಮಿಳು ಚಿತ್ರ ‘ಮಹಾರಾಜ’ವನ್ನು ನಮ್ಮ ಶಿಕ್ಷಕರ ಕೋಣೆಯಲ್ಲಿ ಎಲ್ಲರೂ ಹೊಗಳಿದರು. ಕ್ಷೌರಿಕನೊಬ್ಬ ಠಾಣೆಗೆ ಹೋಗಿ ‘ಲಕ್ಷ್ಮಿ’ ಕಳುವಾಗಿದ್ದಾಳೆಂದು ದೂರು ಕೊಡುತ್ತಾನೆ, ಕೇಳಿದರೆ ಅದು ಕಸದ ಡಬ್ಬಿ. ಆ ಆರಂಭ ನಿಜಕ್ಕೂ ಚೆಂದವಾಗಿದೆ. ಕಾಲವನ್ನು ಹಿಂದುಮುಂದು ಮಾಡಿ ಹೆಣೆದ ಜಾಣತನವನ್ನೂ ಒಪ್ಪುತ್ತೇನೆ. ಆದರೆ ಒಬ್ಬ ಹುಡುಗಿಗೆ ಆದ ಅನ್ಯಾಯವನ್ನು ಪ್ರೇಕ್ಷಕನಿಂದ ಬಚ್ಚಿಟ್ಟು, ಅದನ್ನೇ ಕೊನೆಗೆ ಒಗಟಿನ ಉತ್ತರದ ಹಾಗೆ ಎದುರಿಗಿಟ್ಟಾಗ ನನಗೆ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ. ಹುಡುಗಿಯ ನೋವಿಗೆ ಮೀಸಲಾದ ನಿಮಿಷಗಳೆಷ್ಟು, ಅವಳ ತಂದೆಯ ಸೇಡಿಗೆ ಮೀಸಲಾದ ನಿಮಿಷಗಳೆಷ್ಟು ಎಂದು ಲೆಕ್ಕ ಹಾಕಿದರೆ ತಿಳಿಯುತ್ತದೆ.

ನನ್ನ ಎದೆ ಬಡಿದುಕೊಳ್ಳುವಂತೆ ಮಾಡಿದ ಚಿತ್ರ ಥ್ರಿಲ್ಲರ್ ಅಲ್ಲ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುವ ‘ಶಿವಮ್ಮ’. ಜೈಶಂಕರ್ ಆರ್ಯರ್ ನಿರ್ದೇಶಿಸಿದ ಈ ಚಿತ್ರ 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, ನಮ್ಮಲ್ಲಿ ತೆರೆಗೆ ಬಂದದ್ದು 2024ರ ಜೂನ್‌ನಲ್ಲಿ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಹಾಸಿಗೆ ಹಿಡಿದ ಗಂಡನ ಆರೋಗ್ಯ ಸುಧಾರಿಸೀತೆಂದು ಶಕ್ತಿಪುಡಿಯ ಸರಪಳಿ ವ್ಯಾಪಾರಕ್ಕೆ ಕೂಡಿಟ್ಟ ಹಣವನ್ನು ಹಾಕುತ್ತಾಳೆ. ಮುಂದೆ ಏನಾಗಬಹುದೆಂಬುದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಮೊದಲ ಹತ್ತು ನಿಮಿಷದಲ್ಲೇ ತಿಳಿಯುತ್ತದೆ. ಆದರೂ ಅವಳು ಪುಡಿಯ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಇನ್ನೊಂದು ಮನೆಯ ಬಾಗಿಲು ಬಡಿದಾಗಲೆಲ್ಲ, ಸಂಗ್ಯಾನಿಗೆ ಕೂಗಿದ ಹಾಗೆ “ಹೋಗಬ್ಯಾಡ ತಾಯಿ” ಎಂದು ಕೂಗಬೇಕೆನಿಸಿತು. ಹಾಗೆ ನೋಡಿದರೆ ನಿಮ್ಮ ಮಾತೇ ಗೆದ್ದಿತೆನ್ನಬಹುದು.

ಬೆಳಗಾವಿ, ವಕೀಲ

ನಾನು ಥ್ರಿಲ್ಲರ್‌ಗಳನ್ನು ನೋಡುವುದು ಬೇರೆ ಕಾರಣಕ್ಕಾಗಿ, ಸಿಟ್ಟಾಗುವುದೂ ಬೇರೆ ಕಾರಣಕ್ಕಾಗಿ. ನಮ್ಮ ಚಿತ್ರಗಳಲ್ಲಿ ಅರ್ಧದಷ್ಟು ತನಿಖೆಗಳು ಕತ್ತಲೆ ಕೋಣೆಯಲ್ಲಿ ಆರೋಪಿಗೆ ನಾಲ್ಕು ಬಾರಿಸುವುದರೊಂದಿಗೆ ಮುಗಿಯುತ್ತವೆ. ಅವನು ಬಾಯಿ ಬಿಡುತ್ತಾನೆ, ಹಿನ್ನೆಲೆ ಸಂಗೀತ ಏರುತ್ತದೆ, ಚಿತ್ರ ಮುಗಿಯುತ್ತದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ರುಜುವಾತುಪಡಿಸುವಂತಿಲ್ಲ ಎಂಬ ನಿಯಮ ಬ್ರಿಟಿಷರ ಕಾಲದ ಸಾಕ್ಷ್ಯ ಅಧಿನಿಯಮದ 25ನೇ ಕಲಮಿನಲ್ಲಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲಿಯೂ ಇದೆ. ಹಾಗಾಗಿ ಬೆಳ್ಳಿತೆರೆಯಲ್ಲಿ ಚಿತ್ರ ಮುಗಿಯುವಲ್ಲಿಂದಲೇ ನಮ್ಮ ಕೆಲಸ ಆರಂಭವಾಗುತ್ತದೆ. 2024ರ ಜುಲೈ 1ರ ನಂತರ ನಡೆದ ಕೊಲೆಗೆ ಹಳೆಯ ದಂಡಸಂಹಿತೆಯ 302ನೇ ಕಲಮು ಅನ್ವಯಿಸುವುದಿಲ್ಲ, ಅದು ಈಗ ಭಾರತೀಯ ನ್ಯಾಯಸಂಹಿತೆಯ 103. ಆದರೆ ತೆರೆಯ ಮೇಲಿನ ಅಧಿಕಾರಿ ಇನ್ನೂ “ಮುನ್ನೂರೆರಡು ಹಾಕಿ ಹಿಂಡಲಗಾಕ್ಕೆ ಕಳಸ್ತೀನಿ” ಎಂದೇ ಗುಡುಗುತ್ತಾನೆ. ಹಿಂಡಲಗಾ ಕಾರಾಗೃಹ ನಮ್ಮ ಊರಿನ ಅಂಚಿನಲ್ಲಿಯೇ ಇರುವುದರಿಂದ ಆ ಮಾತಿಗೆ ಇಲ್ಲಿನ ಟಾಕೀಸಿನಲ್ಲಿ ನಗುವೇ ಹೆಚ್ಚು.

ಈ ದೃಷ್ಟಿಯಿಂದ ‘ದೃಶ್ಯ’ ನನಗೆ ಪ್ರಿಯವಾದದ್ದು. ಇಡೀ ಪೊಲೀಸ್ ಇಲಾಖೆ ಒಂದು ಸಂಸಾರದ ಬೆನ್ನು ಹತ್ತಿದರೂ, ಹೆಣವಿಲ್ಲದೆ, ಸಾಕ್ಷಿಗಳ ನೆನಪನ್ನು ಅಲುಗಿಸಲಾಗದೆ, ಕೈಚೆಲ್ಲಿ ನಿಲ್ಲಬೇಕಾಗುತ್ತದೆ. ಕಂಡಕ್ಟರ್, ಹೋಟೆಲಿನವನು, ಟಾಕೀಸಿನವನು ಎಲ್ಲರೂ ತಾವು ನಂಬಿದ್ದನ್ನೇ ಹೇಳುತ್ತಾರೆ, ಯಾರೂ ಸುಳ್ಳಾಡುವುದಿಲ್ಲ. ಆದರೂ ಹೇಳಿಕೆ ಸುಳ್ಳು. ಪಾಟೀಸವಾಲು ಮಾಡಿ ಅಭ್ಯಾಸವಿರುವ ನನಗೆ ಆ ದೃಶ್ಯಗಳು ಎಷ್ಟು ಸಲ ನೋಡಿದರೂ ಬೇಸರ ತರುವುದಿಲ್ಲ. ನಮ್ಮ ನ್ಯಾಯಾಲಯದಲ್ಲಿ ಟ್ವಿಸ್ಟ್ ಎಂದರೆ ಸಾಕ್ಷಿ ಉಲ್ಟಾ ಹೊಡೆಯುವುದು, ಅದೂ ಆರು ವರ್ಷದ ತಾರೀಖುಗಳ ನಂತರ. ಆ ನಿಧಾನವಾದ, ಬೇಸರ ತರಿಸುವ, ಆದರೆ ಎರಡೂ ಕಡೆಯವರ ನಿದ್ದೆಗೆಡಿಸುವ ಕಾಯುವಿಕೆಯನ್ನು ಕನ್ನಡದಲ್ಲಿ ಯಾರಾದರೂ ಥ್ರಿಲ್ಲರ್ ಮಾಡಿದರೆ ಮೊದಲ ದಿನದ ಮೊದಲ ಟಿಕೆಟ್ ನನ್ನದೇ.

ಕೊನೆ ಗೊತ್ತಿರುವ ಚಿತ್ರಕ್ಕೆ ನನ್ನ ಉದಾಹರಣೆ ಸ್ವಲ್ಪ ಹಳೆಯದು, 2016ರ ‘ರಾಮಾ ರಾಮಾ ರೇ’. ಗಲ್ಲಿಗೇರಬೇಕಾದವನು ಜೈಲಿನಿಂದ ತಪ್ಪಿಸಿಕೊಂಡಿದ್ದಾನೆ, ಗಲ್ಲಿಗೇರಿಸಬೇಕಾದ ಮುದುಕ ಹೊರಟಿದ್ದಾನೆ, ಇಬ್ಬರೂ ಬಟ್ಟಬಯಲಿನ ದಾರಿಯಲ್ಲಿ ಒಂದೇ ಜೀಪಿನಲ್ಲಿ. ಡಿ. ಸತ್ಯಪ್ರಕಾಶ್ ಅವರು ಇಷ್ಟನ್ನು ನಮ್ಮ ಕೈಗೆ ಕೊಟ್ಟ ಮೇಲೆ, ಆ ಇಬ್ಬರು ಏನೂ ಮಾತಾಡದೆ ಕುಳಿತರೂ ಸಾಕು, ಜೀವ ಹಿಡಿದುಕೊಂಡೇ ಇರಬೇಕಾಗುತ್ತದೆ.

ವಿಜಯಪುರ, ಔಷಧಿ ಅಂಗಡಿಯವ

ವಕೀಲ ಸಾಹೇಬರ ಹಾಗೆಯೇ ನನಗೂ ನನ್ನ ಕಸುಬಿನ ಸಿಟ್ಟೊಂದಿದೆ. ಕರವಸ್ತ್ರಕ್ಕೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದ ಕೂಡಲೇ ನಾಯಕಿ ಎಚ್ಚರ ತಪ್ಪುವುದನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ವಾಸ್ತವದಲ್ಲಿ ಅದಕ್ಕೆ ಹಲವು ನಿಮಿಷಗಳು ಬೇಕು, ಅಷ್ಟು ಹೊತ್ತು ಬಿಡದೆ ಹಿಡಿದುಕೊಂಡಿರಬೇಕು. ಇಂಥದ್ದನ್ನು ಹೇಳಹೋದರೆ ಮನೆಯವರು ರಿಮೋಟ್ ಕಸಿದುಕೊಳ್ಳುತ್ತಾರೆ. ಇಳಕಲ್ಲಿನವರ ಮಾತನ್ನು ಒಪ್ಪಿದೆ, ‘ದೃಶ್ಯ’ದಲ್ಲಿ ಒಂದು ಗಂಟು ಉಳಿದಿತ್ತು. ಆದರೆ ಆ ಗಂಟು ಬಿಚ್ಚಿಕೊಂಡ ಮೇಲೂ ನಾನು ಎರಡು ಸಲ ನೋಡಿದೆನಲ್ಲ!

ಜಮಖಂಡಿಯಿಂದ

ಹಿರಿಯರೆಲ್ಲ ಚಿತ್ರದ ಒಳಗಿನ ಮಾತಾಡುತ್ತಿದ್ದೀರಿ, ನಾನು ಹೊರಗಿನ ಮಾತೊಂದನ್ನು ಸೇರಿಸುತ್ತೇನೆ. ಸಣ್ಣ ಊರಿನಲ್ಲಿ ಇಂತಹ ಚಿತ್ರಗಳನ್ನು ಮೊದಲ ಸಲ ನೋಡುವುದೇ ದುಸ್ತರ. 2023ರ ಸೆಪ್ಟೆಂಬರ್‌ನಲ್ಲಿ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಮೊದಲ ಭಾಗಕ್ಕೆ ಗೆಳೆಯನನ್ನು ಕರೆದುಕೊಂಡು ಮ್ಯಾಟಿನಿಗೆ ಹೋದೆ. ಒಟ್ಟು ಎಂಟು ಜನ ಇದ್ದೆವು. ಹದಿನೈದು ಜನರಾಗದೆ ಶೋ ಹಾಕುವುದಿಲ್ಲವೆಂದು ಟಿಕೆಟ್ ಕೊಡುವವರು ಹೇಳಿದರು. ಅರ್ಧ ತಾಸು ಕಾಯ್ದು, ಚಹಾ ಕುಡಿದು, ಹನ್ನೊಂದು ಜನರಾದ ಮೇಲೂ ಶೋ ಆಗದೆ ಬಸ್ಸು ಹತ್ತಿ ಊರಿಗೆ ಬಂದೆವು. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿ, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಾಗ ಬೆಂಗಳೂರಿನವರು ಬಹಳ ಚರ್ಚೆ ಮಾಡಿದರು. ನಮ್ಮಲ್ಲಿ ಟಿಕೆಟ್ಟಿನ ದರವೇ ಅಷ್ಟಿಲ್ಲ. ನಮಗೆ ಬೇಕಾದದ್ದು ಇನ್ನು ನಾಲ್ಕು ಜನ. ಆ ಚಿತ್ರವನ್ನು ಕೊನೆಗೆ ಮೊಬೈಲಿನಲ್ಲಿ ನೋಡಿದೆ. ಅದರಲ್ಲಿನ ಕಡಲಿನ ಸದ್ದನ್ನು ಇಯರ್‌ಫೋನಿನಲ್ಲಿ ಕೇಳಬೇಕಾಯಿತು ಎಂಬ ಕೊರಗು ಇನ್ನೂ ಇದೆ.

ಬೆಳಗಾವಿ ಶಹಾಪುರ, ನಿವೃತ್ತ ಪ್ರೊಜೆಕ್ಟರ್ ಆಪರೇಟರ್

ತಮ್ಮಾ ಜಮಖಂಡಿಯವನೇ, ನಿನ್ನ ಕೊರಗು ನನಗೆ ಅರ್ಥವಾಗುತ್ತದೆ. ನಾನು ಮೂವತ್ತು ವರ್ಷ ಮಷೀನಿನ ಕೋಣೆಯಲ್ಲಿದ್ದವನು. ಥ್ರಿಲ್ಲರ್‌ನ ಕೊನೆ ಊರಿಗೆಲ್ಲ ಮೊದಲೇ ಗೊತ್ತಿರುತ್ತಿದ್ದ ಕಾಲ ನಮ್ಮದು, ಅದಕ್ಕೆ ಕಾರಣವೂ ಒಮ್ಮೊಮ್ಮೆ ನಾವೇ ಆಗಿರುತ್ತಿದ್ದೆವು.

ಮೂವತ್ತೈದು ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ಒಂದು ರೀಲಿಗೆ ಹನ್ನೊಂದು ನಿಮಿಷ. ಎರಡೂವರೆ ತಾಸಿನ ಚಿತ್ರವೆಂದರೆ ಹದಿನಾಲ್ಕು ರೀಲುಗಳಾಗುತ್ತವೆ. ಎರಡು ಮಷೀನುಗಳು ಅಕ್ಕಪಕ್ಕ ಇರುತ್ತಿದ್ದವು. ಒಂದರಲ್ಲಿ ಫಿಲ್ಮು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಮಿಂಚುತ್ತದೆ, ಅದನ್ನು ಕಂಡು ಇನ್ನೊಂದನ್ನು ಚಾಲೂ ಮಾಡಬೇಕು. ಎರಡನೆಯ ಚುಕ್ಕೆ ಬಿದ್ದ ಕೂಡಲೇ ಬೆಳಕನ್ನು ಇತ್ತಲಿಂದ ಅತ್ತ ಬದಲಿಸಬೇಕು. ಕಾರ್ಬನ್ ಕಡ್ಡಿ ಉರಿಯುವ ಕಾಲದಲ್ಲಿ ಆ ಕೋಣೆಯ ಕಾವು ಬೇರೆ. ಎರಡು ಟಾಕೀಸಿಗೆ ಒಂದೇ ಪ್ರಿಂಟ್ ಬಂದಾಗ ಇಲ್ಲಿ ಮುಗಿದ ರೀಲಿನ ಡಬ್ಬಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹುಡುಗನೊಬ್ಬ ಅಲ್ಲಿಗೆ ಓಡಬೇಕಾಗುತ್ತಿತ್ತು. ದಾರಿಯಲ್ಲಿ ರೇಲ್ವೆ ಗೇಟು ಬಿದ್ದರೆ ಅಲ್ಲಿನ ಪ್ರೇಕ್ಷಕರಿಗೆ ಕತ್ತಲೆಯೇ ಗತಿ. ಒಮ್ಮೆ ಒಂದು ಪತ್ತೇದಾರಿ ಚಿತ್ರದಲ್ಲಿ ಕೊನೆಯ ರೀಲು ಬರುವುದು ಹೀಗೆ ತಡವಾಯಿತು. ಜನ ಕುರ್ಚಿ ಬಡಿಯತೊಡಗಿದಾಗ ನಮ್ಮ ಗೇಟ್‌ಕೀಪರ್ ಒಳಗೆ ಹೋಗಿ, ಕೊಲೆಗಾರ ಯಾರೆಂಬುದನ್ನು ಹೇಳಿ ಅವರನ್ನು ಸಮಾಧಾನಪಡಿಸಿದ. ನಂಬಿದರೆ ನಂಬಿರಿ, ಒಬ್ಬನೂ ಎದ್ದು ಹೋಗಲಿಲ್ಲ. ಅವನು ಹೇಗೆ ಸಿಕ್ಕಿಬೀಳುತ್ತಾನೆಂಬುದನ್ನು ನೋಡಲು ಎಲ್ಲರೂ ರೀಲು ಬರುವವರೆಗೆ ಕುಳಿತರು.

ಈಗ ಅದೆಲ್ಲ ಇಲ್ಲ. ಚಿತ್ರ ಹಾರ್ಡ್‌ಡಿಸ್ಕಿನಲ್ಲಿಯೋ ಉಪಗ್ರಹದ ಮೂಲಕವೋ ಬರುತ್ತದೆ, ನಿಗದಿತ ಅವಧಿಗೆ ಮಾತ್ರ ತೆರೆದುಕೊಳ್ಳುವ ಡಿಜಿಟಲ್ ಕೀಲಿ ಅದರ ಜೊತೆಗಿರುತ್ತದೆ.

ಬೆಳಗಾವಿಯವನಾಗಿ ಮರಾಠಿ ಚಿತ್ರದ ಮಾತಾಡದೆ ಇರಲಾರೆ. ನಾಗರಾಜ ಮಂಜುಳೆಯವರ 2016ರ ‘ಸೈರಾಟ್’ ನೋಡಿದಾಗ ನಾನು ಪ್ರೇಕ್ಷಕನಾಗಿ ಕುರ್ಚಿಯಲ್ಲಿದ್ದೆ. ಮೂರು ತಾಸಿಗೆ ಸ್ವಲ್ಪ ಕಡಿಮೆಯ ಚಿತ್ರ, ಹಾಡು ಬಂದಾಗ ಹುಡುಗರೆಲ್ಲ ಎದ್ದು ಕುಣಿದಿದ್ದರು. ಕೊನೆಯ ದೃಶ್ಯದಲ್ಲಿ ಆ ಕೂಸು ಹೆಜ್ಜೆ ಇಡುವಾಗ ಸಂಗೀತವೂ ಇಲ್ಲ, ಮಾತೂ ಇಲ್ಲ. ಅಷ್ಟು ವರ್ಷ ಮಷೀನಿನ ಸದ್ದಿನಲ್ಲಿದ್ದ ನನಗೆ ಟಾಕೀಸು ಅಷ್ಟೊಂದು ಸುಮ್ಮನಾಗಬಲ್ಲುದೆಂಬುದು ಗೊತ್ತಿರಲಿಲ್ಲ. ಅದನ್ನು ತಿರುವು ಎನ್ನಲು ಬರುವುದಿಲ್ಲ. ಪೇಪರ್ ಓದುವ ಪ್ರತಿಯೊಬ್ಬನಿಗೂ ಹಾಗೆಯೇ ಆದೀತೆಂಬ ಭಯ ಮೊದಲಿನಿಂದಲೂ ಇರುತ್ತದೆ, ಆಗದಿರಲಿ ಎಂಬ ಆಸೆಯೂ ಇರುತ್ತದೆ. ಮರುವರ್ಷ ಎಸ್. ನಾರಾಯಣ್ ಅವರು ಅದೇ ನಾಯಕಿ ರಿಂಕು ರಾಜಗುರು ಅವರನ್ನು ಇಟ್ಟುಕೊಂಡು ಕನ್ನಡದಲ್ಲಿ ‘ಮನಸು ಮಲ್ಲಿಗೆ’ ಮಾಡಿದರು. ನನ್ನ ಮನಸ್ಸು ಮೂಲದಲ್ಲಿಯೇ ಉಳಿಯಿತು.

ಬಾಗಲಕೋಟೆ ನವನಗರ, ಪ್ರೌಢಶಾಲಾ ಶಿಕ್ಷಕಿ

ಕಾಕಾ, ನಿಮ್ಮ ಗೇಟ್‌ಕೀಪರನ ಪ್ರಸಂಗವನ್ನು ನಾಳೆ ತರಗತಿಯಲ್ಲಿ ಹೇಳುವವಳಿದ್ದೇನೆ.

ಇಲ್ಲಿ ಹೆಸರಿಸಿದ ಚಿತ್ರಗಳನ್ನೂ ನಾನು ನೋಡಿದ ಬೇರೆ ಥ್ರಿಲ್ಲರ್‌ಗಳನ್ನೂ ನೆನೆಸಿಕೊಳ್ಳುತ್ತಿದ್ದಂತೆ ನನಗೊಂದು ಸಂಗತಿ ಹೊಳೆಯಿತು. ‘ಕವಲುದಾರಿ’, ‘ಯು ಟರ್ನ್’ ಬೆಂಗಳೂರಿನವು. ‘ಗರುಡ ಗಮನ’ ಮಂಗಳೂರಿನದು. ‘ಶಾಖಾಹಾರಿ’ ಮಲೆನಾಡಿನದು. ನಮ್ಮ ಸೀಮೆಯಲ್ಲಿ ಕೊಲೆಗಳಾಗುವುದಿಲ್ಲವೇ, ಗುಟ್ಟುಗಳಿರುವುದಿಲ್ಲವೇ? ನಮ್ಮ ಮಾತು ತೆರೆಯ ಮೇಲೆ ಬಂದರೆ ಬಹಳ ಸಲ ನಗಿಸುವುದಕ್ಕಾಗಿ ಬರುತ್ತದೆ. “ಏನಲೇ ಮಗನ” ಎಂದು ಮೀಸೆ ತಿರುವುವ ಒಬ್ಬ ಗೌಡ, ಇಲ್ಲವೇ ಹೋಟೆಲಿನಲ್ಲಿ ಖಾರ ಕೇಳುವ ಒಬ್ಬ ಪೆದ್ದ. ನಾಗಾಭರಣರ ‘ನಾಗಮಂಡಲ’ ಈ ಭಾಷೆಯಲ್ಲಿ ಭಯವನ್ನೂ ಬಯಕೆಯನ್ನೂ ಹೇಳಬಹುದೆಂದು 1997ರಲ್ಲಿಯೇ ತೋರಿಸಿತ್ತು, ‘ಶಿವಮ್ಮ’ ಈಗ ಮತ್ತೆ ತೋರಿಸಿದೆ. ನಡುವೆ ಇಷ್ಟು ವರ್ಷ ಯಾಕೆ ಬೇಕಾದವು?

ಕತ್ತಲು, ಕಾಡು, ಮಳೆ ಇದ್ದರೆ ಮಾತ್ರ ಥ್ರಿಲ್ಲರ್ ಎಂದು ನಿರ್ದೇಶಕರು ತಿಳಿದಿರಬಹುದು. ನಮ್ಮದು ಎರೆಭೂಮಿಯ ಬಟ್ಟಬಯಲು, ಎರಡು ಮೈಲಿ ದೂರದಲ್ಲಿ ಬರುವ ಮನುಷ್ಯನೂ ಕಾಣುತ್ತಾನೆ, ಗುಟ್ಟನ್ನು ಎಲ್ಲಿ ಅಡಗಿಸುವುದು ಎನ್ನಬಹುದು. ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ನಾನು ಹುಟ್ಟಿದ ಮನೆ ಹಳೆಯ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಪರಿಹಾರದ ಹಣದಲ್ಲಿ ನವನಗರದಲ್ಲಿ ಸೆಕ್ಟರ್, ಪ್ಲಾಟ್ ನಂಬರುಗಳ ನಡುವೆ ಈಗಿನ ಮನೆ ಕಟ್ಟಿದೆವು. ಬೇಸಿಗೆಯಲ್ಲಿ ನೀರು ಬಹಳ ಕೆಳಗಿಳಿದ ವರ್ಷ ತಂದೆಯವರು ನನ್ನನ್ನು ಸ್ಕೂಟರಿನಲ್ಲಿ ದಂಡೆಗೆ ಕರೆದೊಯ್ದಿದ್ದರು. ಬಿರಿದ ಕೆಸರಿನ ನಡುವೆ ಕಲ್ಲಿನ ಕಟ್ಟೆಯೊಂದರ ತುದಿ, ಒಂದು ಹೊಸ್ತಿಲು, ಒಳಕಲ್ಲಿನ ಗುಂಡಿ ಕಂಡವು. ಅದು ನಮ್ಮ ಮನೆಯದೋ ಮಗ್ಗುಲ ಮನೆಯದೋ ಎಂಬುದು ತಂದೆಯವರಿಗೂ ತಿಳಿಯಲಿಲ್ಲ. ಬಹಳ ಹೊತ್ತು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. 2019ರ ‘ಕವಲುದಾರಿ’ಯಲ್ಲಿ ನೆಲ ಅಗೆದಾಗ ಅಸ್ಥಿಪಂಜರಗಳು ಸಿಗುವುದನ್ನು, ರಿಷಿಯವರ ಸಂಚಾರ ಪೊಲೀಸ್ ತನಗೆ ಸಂಬಂಧವಿಲ್ಲದ ಆ ಹಳೆಯ ಪ್ರಕರಣವನ್ನು ಕೈಬಿಡದೆ ಅನಂತ್ ನಾಗ್ ಅವರ ನಿವೃತ್ತ ಅಧಿಕಾರಿಯ ಮನೆ ಬಾಗಿಲಿಗೆ ಹೋಗುವುದನ್ನು ನೋಡಿದಾಗ ನನಗೆ ನೆನಪಾದದ್ದು ಆ ಹೊಸ್ತಿಲು. ವರ್ಷಕ್ಕೊಮ್ಮೆ ನೀರು ಇಳಿದಾಗ ಮಾತ್ರ ಕಾಣುವ ಊರಿಗಿಂತ ದೊಡ್ಡ ಗುಟ್ಟು ಯಾವ ಕಾಡಿನಲ್ಲಿ ಸಿಕ್ಕೀತು?

ಇನ್ನು, ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತಿದೆ. ಕೃಷ್ಣಾ ನದಿ ನೀರಿನ ವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿಯೇ ಇದಕ್ಕೆ ಒಪ್ಪಿತ್ತು. ಅಂದಿನಿಂದ ಹೊಲಕ್ಕೆ ಬಾವಿ ತೋಡಿಸಬೇಕೋ ಬೇಡವೋ, ಮನೆಗೆ ಮೇಲಂತಸ್ತು ಕಟ್ಟಬೇಕೋ ಬೇಡವೋ, ಮುಳುಗುವ ಊರಿಗೆ ಮಗಳನ್ನು ಕೊಡಬೇಕೋ ಬೇಡವೋ ಎಂದು ಕಾಯುತ್ತ ಕುಳಿತ ಸಂಸಾರಗಳನ್ನು ನಾನು ಬಲ್ಲೆ. ವಕೀಲರು ಹೇಳಿದ ಆ ಕಾಯುವಿಕೆಯ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೇ? ಕೊನೆ ಎಲ್ಲರಿಗೂ ಗೊತ್ತಿದೆ, ನೀರು ಬರುತ್ತದೆ. ಯಾವಾಗ ಎಂಬುದಷ್ಟೇ ಗೊತ್ತಿಲ್ಲ.

ಇಳಕಲ್ಲಿನಿಂದ

ಅಕ್ಕಾವ್ರೇ, ಈ ಚಿತ್ರ ಬಂದರೆ ಟ್ವಿಸ್ಟ್ ಇಲ್ಲದಿದ್ದರೂ ನಾನು ನೋಡುತ್ತೇನೆ. ಹೆಣ ಅಡಗಿಸುವ ಜಾಗದ ಚಿಂತೆ ನಿರ್ದೇಶಕರಿಗೆ ಬೇಡ, ಮುಧೋಳದ ಕಡೆ ಬಂದು ಆಳೆತ್ತರದ ಕಬ್ಬಿನ ಗದ್ದೆಗಳನ್ನೊಮ್ಮೆ ನೋಡಲಿ. ಕಾರ್ಖಾನೆಯಿಂದ ಕಟಾವಿನ ಚೀಟಿ ಬರುವವರೆಗೆ ಯಾರೂ ಒಳಗೆ ಹೋಗುವುದಿಲ್ಲ. ಪೊಲೀಸರಿಗಿಂತ ಮೊದಲು ಕಟಾವಿನ ಗ್ಯಾಂಗು ಬರುತ್ತದೆಯೋ ಇಲ್ಲವೋ ಎಂಬುದರ ಮೇಲೆಯೇ ಇಂಟರ್ವಲ್ ಕೊಡಬಹುದು.

ವಿಜಯಪುರ, ಔಷಧಿ ಅಂಗಡಿಯವ

ಅಕ್ಕನವರ ಹೊಸ್ತಿಲ ಮಾತಿನ ಮೇಲೆ ನಾನು ಹೇಳುವಂಥದ್ದು ಹೆಚ್ಚೇನೂ ಉಳಿದಿಲ್ಲ. ಚರ್ಚೆ ಆರಂಭಿಸಿದವನೆಂಬ ಸಲಿಗೆಯಿಂದ ಒಂದು ಚಿತ್ರವನ್ನು ಸೇರಿಸುತ್ತೇನೆ. ಕೊನೆಯನ್ನು ಹೇಳುವುದಿಲ್ಲ.

ಅದು 2024ರ ಮಲಯಾಳಂ ಚಿತ್ರ ‘ಕಿಷ್ಕಿಂಧಾ ಕಾಂಡಂ’. ತನ್ನ ಮರೆವನ್ನು ಯಾರಿಗೂ ತೋರಗೊಡದ ನಿವೃತ್ತ ಸೈನಿಕ ತಂದೆಯಾಗಿ ವಿಜಯರಾಘವನ್, ಮಗನಾಗಿ ಆಸಿಫ್ ಅಲಿ. ಮನೆಯಲ್ಲಿ ಪಿಸ್ತೂಲು ಕಾಣೆಯಾಗಿದೆ, ಮೊಮ್ಮಗನೂ ಕಾಣೆಯಾಗಿದ್ದಾನೆ, ಸುತ್ತಲಿನ ಕಾಡಿನಲ್ಲಿ ಮಂಗಗಳಿವೆ. ಮೊದಲ ಸಲ ನೋಡಿದಾಗ ಪಿಸ್ತೂಲು ಎಲ್ಲಿ ಹೋಯಿತು ಎಂಬುದರ ಬೆನ್ನು ಹತ್ತಿದ್ದೆ, ಮಗನ ಮುಖವನ್ನು ಸರಿಯಾಗಿ ನೋಡಿರಲೇ ಇಲ್ಲ. ಎಲ್ಲ ತಿಳಿದ ಮೇಲೆ ಎರಡನೆಯ ಸಲ ನೋಡಿದಾಗ, ತಂದೆ ಏನಾದರೊಂದು ಕೇಳಿದಾಗಲೆಲ್ಲ ಉತ್ತರ ಕೊಡುವ ಮೊದಲು ಅವನು ತೆಗೆದುಕೊಳ್ಳುವ ಅರೆಗಳಿಗೆ ಕಣ್ಣಿಗೆ ಬಿತ್ತು. ಅವನು ಅದೇ ಉತ್ತರವನ್ನು ಅದಾಗಲೇ ಎಷ್ಟು ಸಲ ಕೊಟ್ಟಿರಬೇಕು! ಹೇಮಂತ್ ರಾವ್ ಅವರ 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತ್ ನಾಗ್ ಅವರ ವೆಂಕೋಬರಾವ್ ದಾರಿ ತಪ್ಪಿ ಕಳೆದುಹೋದಾಗ ಮಗ ಅವರನ್ನು ಊರೆಲ್ಲ ಹುಡುಕುತ್ತಾನೆ. ಇಲ್ಲಿ ತಂದೆ ಮನೆಯಲ್ಲಿಯೇ ಇದ್ದಾರೆ, ಆದರೂ ಕಳೆದುಹೋಗಿದ್ದಾರೆ.

ಈ ಚಿತ್ರ ನನ್ನನ್ನು ಹೀಗೆ ಹಿಡಿದದ್ದಕ್ಕೆ ಅಂಗಡಿಯ ಕಾರಣವೂ ಇದೆ. ಪ್ರತಿ ತಿಂಗಳ ಮೊದಲ ವಾರ ಒಬ್ಬ ತರುಣ ಮರೆವಿನ ರೋಗಕ್ಕೆ ಕೊಡುವ ಡೊನೆಪೆಜಿಲ್ ಮಾತ್ರೆ ಒಯ್ಯಲು ಬರುತ್ತಾನೆ, ಅವನ ತಂದೆಗೆ. ಒಮ್ಮೊಮ್ಮೆ ಅವರನ್ನು ಜೊತೆಗೆ ಕರೆತರುತ್ತಾನೆ. ಮುದುಕರು ನನ್ನ ಹೆಸರು ಕೇಳುತ್ತಾರೆ, ನಾನು ಹೇಳುತ್ತೇನೆ; ಮಾತ್ರೆ ಕಟ್ಟುವಷ್ಟರಲ್ಲಿ ಮತ್ತೆ ಕೇಳುತ್ತಾರೆ, ನಾನು ಮತ್ತೆ ಹೇಳುತ್ತೇನೆ. ಮೊನ್ನೆ ಆ ತರುಣ ಒಬ್ಬನೇ ಬಂದಿದ್ದ. ಈ ಚಿತ್ರದ ಹೆಸರು ಹೇಳೋಣವೆಂದು ಬಾಯಿಯವರೆಗೆ ಬಂದಿತ್ತು, ಹೇಳಲಿಲ್ಲ. ಮಾತ್ರೆ, ಚಿಲ್ಲರೆ ಕೊಟ್ಟು ಕಳುಹಿಸಿದೆ.

ಇಳಕಲ್ಲಿನಿಂದ

ಕೊನೆಯನ್ನು ಹೇಳದೆ ಬಿಟ್ಟದ್ದು ಉಪಕಾರವಾಯಿತು, ಮಾಲಕರೇ. ಶನಿವಾರ ರಾತ್ರಿ ನೋಡುವವನಿದ್ದೇನೆ. ಅಲ್ಲಿಯವರೆಗೆ ನಿಮ್ಮ ಅಂಗಡಿಯ ಹುಡುಗನಿಗೆ ನನ್ನ ಫೋನ್ ನಂಬರ್ ಸಿಗದಂತೆ ನೋಡಿಕೊಳ್ಳಿರಿ.